ಸಣ್ಣ ಯಂತ್ರಕ್ಕೆ ಸರಿಯಾದ ಸೆಲ್ಲು

(ಬ್ಲಾಕಿನ ಯುವಕ ರೈತರ ಶಿಬಿರದಲ್ಲಿ ವಿಜ್ಞಾನದ ಉಪಾಧ್ಯಾಯರೊಬ್ಬರು ಮಾಡಿದ ಭಾಷಣ)



ಬೆಳಗಿನಿಂದ ನೀವು ಬೀಜೋಪಚಾರದ ವಿಷಯ ಕೇಳಿದ್ದೀರಿ, ಮಣ್ಣು ಪರೀಕ್ಷೆಯ ವಿಷಯ ಕೇಳಿದ್ದೀರಿ. ಅವೆಲ್ಲ ದೊಡ್ಡ ವಿಷಯಗಳು. ನನ್ನ ಪಾಲಿಗೆ ಬಂದಿರುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತು. ನಾವು ಟಾರ್ಚಿಗೆ 'ಬ್ಯಾಟ್ರಿ' ಎನ್ನುತ್ತೇವೆ, ಅದರೊಳಗೆ ಹಾಕುವುದಕ್ಕೆ 'ಸೆಲ್ಲು' ಎನ್ನುತ್ತೇವೆ. ಆ ಸೆಲ್ಲಿನ ವಿಷಯವನ್ನೇ ಈ ಹೊತ್ತು ಹೇಳಬೇಕೆಂದಿದ್ದೇನೆ.

ಇದರಲ್ಲಿ ಹೇಳುವುದೇನಿದೆ, ಅಂಗಡಿಗೆ ಹೋಗಿ ಕೇಳಿದರೆ ಕೊಡುತ್ತಾರೆ ಎಂದು ನಿಮಗೆ ಅನ್ನಿಸಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಹಾಗೆ ತಿಳಿದುದರಿಂದ ಒಬ್ಬ ರೈತರ ಬೆಳೆ ಹಾಳಾಯಿತು. ಮೊದಲು ಆ ಸಂಗತಿಯನ್ನೇ ಹೇಳಿಬಿಡುತ್ತೇನೆ.

ದೀಪ ನಂದಿದ ರಾತ್ರಿ

ನಮ್ಮ ಶಾಲೆಯಲ್ಲಿ ಓದಿದ ಹುಡುಗನೊಬ್ಬ ಕಾಡುಹಂದಿಯನ್ನು ಬೆದರಿಸಲು ಒಂದು ಮಿಣುಕು ದೀಪ ಮಾಡಿದ. ಕತ್ತಲಾದರೆ ತಾನೇ ಹೊತ್ತಿಕೊಂಡು ನಾಲ್ಕು ಕೆಂಪು ದೀಪಗಳು ಮಿಣುಕುವುದು, ಬೆಳಕಾದರೆ ತಾನೇ ಆರುವುದು. ಸಾಬೂನು ಡಬ್ಬಿಯಷ್ಟು ದೊಡ್ಡದು. ಯಾವ ಸೆಲ್ಲು ಹಾಕಲಿ ಎಂದು ನನ್ನನ್ನು ಕೇಳಿದ. ಚೌಕ ಡಬ್ಬಿಯ ಹಾಗಿರುವ 9 ವೋಲ್ಟಿನ ಬ್ಯಾಟರಿ ಹಾಕು, ಚಿಕ್ಕದಾಗಿ ಚೊಕ್ಕವಾಗಿರುತ್ತದೆ ಎಂದೆ. ಮೇಜಿನ ಮೇಲೆ ಇಟ್ಟು ನೋಡಿದೆವು. ಬಹಳ ಚೆನ್ನಾಗಿ ಮಿಣುಕಿತು.

ನಮ್ಮ ಊರಿನ ಹಿರಿಯ ರೈತರೊಬ್ಬರು ಎರಡು ಎಕರೆಗೆ ಮುಸುಕಿನ ಜೋಳ ಹಾಕಿದ್ದರು. ಮಂಡಿನೋವು, ಮಗ ಬೆಂಗಳೂರಿನಲ್ಲಿ. ತೆನೆ ಹಾಲುಗಾಳು ಕಟ್ಟಿದಾಗಿನಿಂದ ಅವರೇ ಅಟ್ಟಣೆಯ ಮೇಲೆ ಕೂತು ಡಬ್ಬ ಬಡಿಯುತ್ತಿದ್ದರು. ಆ ದೀಪವನ್ನು ಹಳ್ಳದ ಕಡೆಯ ಬದುವಿನಲ್ಲಿ ನೆಟ್ಟೆವು. ಮೊದಲ ರಾತ್ರಿ ಬೆಳಗಿನ ತನಕ ಮಿಣುಕಿತು. ಎರಡನೆಯ ರಾತ್ರಿ ಅವರು ಮನೆಯಲ್ಲಿ ನಿಶ್ಚಿಂತೆಯಿಂದ ಮಲಗಿದರು. ನಡುರಾತ್ರಿಗೆ ಮುಂಚೆಯೇ ದೀಪ ನಂದಿತು. ಹಂದಿಗಳು ಅದೇ ಬದುವಿನಿಂದ ಇಳಿದವು. ಬೆಳಿಗ್ಗೆ ನೋಡಿದರೆ ಹಳ್ಳದ ಮಗ್ಗುಲಿನ ಕಾಲು ಭಾಗದಷ್ಟು ಪೈರು ನೆಲಕ್ಕೊರಗಿತ್ತು.

ಅವರು ಜಗಳವಾಡಲಿಲ್ಲ. "ಮೇಷ್ಟ್ರೆ, ದೀಪ ಇಲ್ಲದಿದ್ದರೆ ನಾನೇ ಎದ್ದು ಕೂತಿರುತ್ತಿದ್ದೆ. ದೀಪ ಇದೆಯಲ್ಲ ಅಂತ ಮಲಗಿದೆ" ಎಂದಷ್ಟೇ ಹೇಳಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ಮಾತನ್ನು ಮರೆಯಲಾಗಲಿಲ್ಲ. ಹುಡುಗನ ಯಂತ್ರದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ನಾನು ಹೇಳಿದ ಸೆಲ್ಲಿನಲ್ಲಿ. ಐದು ನಿಮಿಷ ಕೂತು ಲೆಕ್ಕ ಹಾಕಿದ್ದರೆ ಅದು ಒಂದೇ ರಾತ್ರಿಗೆ ಮುಗಿಯುವುದೆಂದು ತಿಳಿಯುತ್ತಿತ್ತು. ಆ ಲೆಕ್ಕವನ್ನೇ ಈಗ ನಿಮಗೆ ಹೇಳಿಕೊಡುತ್ತೇನೆ.

ಕೆರೆ, ತೂಬು, ಕಾಲುವೆ

ವಿದ್ಯುತ್ತು ಕಣ್ಣಿಗೆ ಕಾಣುವುದಿಲ್ಲ. ಆದರೆ ಕೆರೆ ನೀರು ಕಟ್ಟುವವರಿಗೆ ಅದು ಕಷ್ಟದ ವಿಷಯವಲ್ಲ. ಸೆಲ್ಲೆಂದರೆ ಒಂದು ಕೆರೆ ಎಂದಿಟ್ಟುಕೊಳ್ಳಿ.

ಕೆರೆಯ ನೀರು ಗದ್ದೆಗಿಂತ ಎಷ್ಟು ಎತ್ತರದಲ್ಲಿದೆಯೋ ಅದು ವೋಲ್ಟ್. ಎತ್ತರ ಸಾಲದಿದ್ದರೆ ನೀರು ಗದ್ದೆಗೆ ಏರುವುದಿಲ್ಲ. ಎತ್ತರ ಹೆಚ್ಚಾದರೆ ಕಾಲುವೆ ಒಡೆದುಹೋಗುತ್ತದೆ. ಕಾಲುವೆಯಲ್ಲಿ ಹರಿಯುವ ನೀರಿನ ಪ್ರಮಾಣವೇ ಆಂಪಿಯರ್. ಸಣ್ಣ ಯಂತ್ರಗಳಲ್ಲಿ ಅದರ ಸಾವಿರದಲ್ಲೊಂದು ಪಾಲನ್ನು, ಎಂದರೆ ಮಿಲಿಆಂಪಿಯರನ್ನು, ಲೆಕ್ಕಕ್ಕೆ ಹಿಡಿಯುತ್ತಾರೆ. ಕೆರೆಯಲ್ಲಿ ಒಟ್ಟು ಎಷ್ಟು ನೀರಿದೆ ಎಂಬುದು ಸೆಲ್ಲಿನ ಹಿಡಿತ. ಇದನ್ನು ಮಿಲಿಆಂಪಿಯರ್-ಗಂಟೆ ಎಂದು ಅಳೆಯುತ್ತಾರೆ. 2000 ಮಿಲಿಆಂಪಿಯರ್-ಗಂಟೆ ಎಂದರೆ 100 ಮಿಲಿಆಂಪಿಯರ್ ಎಳೆದರೆ 20 ಗಂಟೆ, 20 ಎಳೆದರೆ 100 ಗಂಟೆ.

ಇನ್ನೊಂದಿದೆ, ತೂಬು. ಕೆರೆ ತುಂಬ ನೀರಿದ್ದರೂ ತೂಬು ಕಿರಿದಾದರೆ ಒಮ್ಮೆಗೇ ಹೆಚ್ಚು ನೀರು ಬಿಡಲಾಗದು. ಸೆಲ್ಲಿಗೂ ಹಾಗೆಯೇ. ಅದರೊಳಗೆ ಒಂದು ತಡೆ ಇರುತ್ತದೆ. ಗಡಿಯಾರಕ್ಕೆ ವರ್ಷವಿಡೀ ಸಾಲುವ ಸೆಲ್ಲು ಒಂದು ಮೋಟಾರನ್ನು ತಿರುಗಿಸಲಾರದು. ಏತಕ್ಕೆಂದರೆ ಹೆಚ್ಚು ಎಳೆದ ಕೂಡಲೆ ಅದರ ವೋಲ್ಟ್ ಕುಸಿಯುತ್ತದೆ.

ಈ ನಾಲ್ಕು ಮಾತು ನೆನಪಿದ್ದರೆ ಸಾಕು: ಎತ್ತರ, ಹರಿವು, ಹಿಡಿತ, ತೂಬು. ಯಾವ ಯಂತ್ರವಾದರೂ ಸರಿ, ಅದಕ್ಕೆ ಎಷ್ಟು ಎತ್ತರ ಬೇಕು, ಎಷ್ಟು ಹರಿವು ಬೇಕು, ಎಷ್ಟು ಹೊತ್ತು ಬೇಕು ಎಂದು ಮೊದಲು ಕೇಳಿ ಅನಂತರ ಅಂಗಡಿಗೆ ಹೋಗಬೇಕು.

ನಮ್ಮ ದೀಪದ ಲೆಕ್ಕ

ನಾಲ್ಕು ಕೆಂಪು ದೀಪ, ಒಂದೊಂದು 20 ಮಿಲಿಆಂಪಿಯರಿನಂತೆ ಒಟ್ಟು 80. ಆದರೆ ಅವು ಸದಾ ಉರಿಯುವುದಿಲ್ಲ. ಕಾಲು ಪಾಲು ಹೊತ್ತು ಉರಿದು ಮುಕ್ಕಾಲು ಪಾಲು ಆರಿರುತ್ತಿದ್ದವು. ಸರಾಸರಿ 20 ಎಂದಾಯಿತು. ದೀಪವನ್ನು ಮಿಣುಕಿಸುವ ಭಾಗಗಳು ತಾವೇ ಸುಮಾರು 5 ಎಳೆಯುತ್ತಿದ್ದವು. ಒಟ್ಟು 25. ರಾತ್ರಿ 12 ಗಂಟೆ. ಹನ್ನೆರಡು ಇಪ್ಪತ್ತೈದಲೆ 300. ಒಂದು ರಾತ್ರಿಗೆ 300 ಮಿಲಿಆಂಪಿಯರ್-ಗಂಟೆ ಬೇಕು.

ನಾನು ಹಾಕಿಸಿದ 9 ವೋಲ್ಟಿನ ಡಬ್ಬಿಯೊಳಗೆ ಇರುವುದು ಬೆರಳ ತುದಿಯಷ್ಟರ ಆರು ಪುಟ್ಟ ಕೋಶಗಳು. ಎತ್ತರವೇನೋ ಇದೆ, ಆದರೆ ಅದು ಕೆರೆಯಲ್ಲ, ಎತ್ತರದಲ್ಲಿಟ್ಟ ಬಿಂದಿಗೆ. ಅಗ್ಗದ ಜಾತಿಯದಾದರೆ ಅದರ ಹಿಡಿತ 300ರಿಂದ 400, ಒಳ್ಳೆಯ ಜಾತಿಯದಾದರೆ 500ರ ಆಸುಪಾಸು. ಇನ್ನು ಎರಡನೆಯ ರಾತ್ರಿ ನಡೆಯುವುದು ಹೇಗೆ? ಮುಸುಕಿನ ಜೋಳಕ್ಕೆ ಹಾಲುಗಾಳಿನಿಂದ ಕೊಯ್ಲಿನ ತನಕ ಸುಮಾರು 40 ರಾತ್ರಿ ಕಾವಲು ಬೇಕು. ನಮ್ಮ ಬಿಂದಿಗೆ ಒಂದೂವರೆ ರಾತ್ರಿಗೂ ಬರಲಿಲ್ಲ. ಇಂಥ ಬ್ಯಾಟರಿ ಹೊಗೆ ಎಚ್ಚರಿಕೆಯ ಗಂಟೆ, ಅಳತೆಯ ಮೀಟರು ಮೊದಲಾದ ಅಲ್ಪಾಹಾರಿ ಯಂತ್ರಗಳಿಗೆ ತಕ್ಕುದು. ರಾತ್ರಿಯಿಡೀ ದುಡಿಯುವುದಕ್ಕಲ್ಲ.

ಮೊದಲು ಹಸಿವು ತಗ್ಗಿಸಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ದೊಡ್ಡ ಬ್ಯಾಟರಿ ಕೊಳ್ಳುವ ಮೊದಲು ಯಂತ್ರದ ಹಸಿವನ್ನೇ ಕಡಿಮೆ ಮಾಡಬಹುದೇ ಎಂದು ನೋಡಬೇಕು. ಇದಕ್ಕೆ ಹಣ ಬೇಕಿಲ್ಲ, ಯೋಚನೆ ಬೇಕು.

ಹುಡುಗ ಎರಡು ಕೆಲಸ ಮಾಡಿದ. ಮಿಣುಕುವ ಹೊತ್ತನ್ನು ಕಾಲು ಪಾಲಿನಿಂದ ಹತ್ತರಲ್ಲೊಂದು ಪಾಲಿಗೆ ಇಳಿಸಿದ. ಕತ್ತಲಲ್ಲಿ ಕಣ್ಣಿಗೆ ಅದು ಕಡಿಮೆಯೆಂದು ಕಾಣಲಿಲ್ಲ. ಸರಾಸರಿ ಹರಿವು 20ರಿಂದ 8ಕ್ಕೆ ಇಳಿಯಿತು. ಎರಡನೆಯದಾಗಿ, ಮಿಣುಕಿಸುವುದಕ್ಕೆ ಹಾಕಿದ್ದ 555 ಎಂಬ ಹಳೆಯ ಟೈಮರ್ ತುಂಡನ್ನು ತೆಗೆದು 7555 ಎಂಬ ಇನ್ನೊಂದನ್ನು ಹಾಕಿದ. ಕಾಲುಗಳು ಅವೇ, ಕೆಲಸವೂ ಅದೇ. ಆದರೆ ಮೊದಲಿನದು ತಾನೇ ಹಲವು ಮಿಲಿಆಂಪಿಯರ್ ಕುಡಿಯುತ್ತಿತ್ತು. ಇದು ಒಂದು ಮಿಲಿಆಂಪಿಯರಿನ ಹತ್ತರಲ್ಲೊಂದು ಪಾಲಿನಷ್ಟೇ ಕುಡಿಯುತ್ತದೆ.

ಇದರಿಂದ ಮತ್ತೊಂದು ಲಾಭವೂ ಆಯಿತು. ಹಳೆಯ ತುಂಡಿಗೆ 4.5 ವೋಲ್ಟ್ ಇರಲೇಬೇಕು. ನಾಲ್ಕು ಸೆಲ್ಲು ಸೇರಿ 4.5ಕ್ಕಿಂತ ಕೆಳಗಿಳಿದರೆ ಅವುಗಳಲ್ಲಿ ಇನ್ನೂ ಒಂದು ಪಾಲು ಶಕ್ತಿ ಉಳಿದಿರುವಾಗಲೇ ಯಂತ್ರ ನಿಲ್ಲುತ್ತಿತ್ತು. ಹೊಸದು 2 ವೋಲ್ಟಿಗೂ ನಡೆಯುತ್ತದೆ. ಕೆರೆಯ ತಳದ ನೀರೂ ಗದ್ದೆಗೆ ಬಂದ ಹಾಗಾಯಿತು. ಆದುದರಿಂದ ಯಂತ್ರ ಎಷ್ಟು ವೋಲ್ಟಿಗೆ ಚೆನ್ನಾಗಿ ನಡೆಯುತ್ತದೆ ಎಂದು ಕೇಳಿದರೆ ಸಾಲದು. ಎಷ್ಟಕ್ಕೆ ನಿಲ್ಲುತ್ತದೆ ಎಂದೂ ಕೇಳಬೇಕು.

ಈಗ ರಾತ್ರಿಯ ಖರ್ಚು 8 ಮಿಲಿಆಂಪಿಯರಿನಂತೆ 12 ಗಂಟೆಗೆ 96. ನೂರು ಎಂದೇ ಹಿಡಿಯೋಣ. ಮುನ್ನೂರು ಇದ್ದುದು ನೂರಕ್ಕೆ ಬಂತು. ಬ್ಯಾಟರಿಯನ್ನು ಮೂರರಷ್ಟು ದೊಡ್ಡದು ಮಾಡಿದಂತೆಯೇ ಆಯಿತು.

ಸೆಲ್ಲುಗಳ ಜಾತಿ

ಇನ್ನು ಸೆಲ್ಲುಗಳ ಜಾತಿಗಳನ್ನು ನೋಡೋಣ. 1800ರಲ್ಲಿ ಇಟಲಿಯ ವೋಲ್ಟ ಎಂಬ ವಿಜ್ಞಾನಿ ಎರಡು ಬಗೆಯ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು ಮೊದಲ ವಿದ್ಯುತ್ಕೋಶ ಮಾಡಿದನು. ಅವನ ಹೆಸರೇ ವೋಲ್ಟ್ ಎಂಬ ಅಳತೆಗೆ ಬಂದಿದೆ. ಇಂದಿಗೂ ಸೆಲ್ಲಿನ ಒಳಗುಟ್ಟು ಅದೇ: ಎರಡು ಬೇರೆ ಬೇರೆ ವಸ್ತು, ನಡುವೆ ಒಂದು ರಸ.

ಮೊದಲನೆಯದು ನಮ್ಮ ಹಳ್ಳಿ ಅಂಗಡಿಯ ಕರಿಪುಡಿ ಸೆಲ್ಲು. ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ಇದರ ಮೂಲವನ್ನು ಕಂಡುಹಿಡಿದನು. ಹೊರಗಿನ ಸತುವಿನ ಡಬ್ಬಿಯೇ ಒಂದು ಧ್ರುವ, ನಡುವಿನ ಇಂಗಾಲದ ಕಡ್ಡಿ ಇನ್ನೊಂದು. ಹೊಸದಕ್ಕೆ 1.5 ವೋಲ್ಟ್. ಬೆಲೆ ಕಡಿಮೆ, ಎಲ್ಲಿ ಬೇಕಾದರೂ ಸಿಗುತ್ತದೆ. ನಿಧಾನವಾಗಿ, ಬಿಟ್ಟು ಬಿಟ್ಟು ದುಡಿಸಿದರೆ ಚೆನ್ನಾಗಿ ಬಾಳುತ್ತದೆ. ಒಂದೇ ಸಮನೆ ಹೆಚ್ಚು ಎಳೆದರೆ ಬಳಲಿ ಬೀಳುತ್ತದೆ. ಗಡಿಯಾರ, ರೇಡಿಯೋ, ಮಿಣುಕು ದೀಪಗಳಿಗೆ ಸರಿ.

ಎರಡನೆಯದು ಆಲ್ಕಲೈನ್ ಸೆಲ್ಲು. ಇದಕ್ಕೂ 1.5 ವೋಲ್ಟೇ. ಆದರೆ ತೂಬು ಅಗಲ, ಹಿಡಿತ ಹೆಚ್ಚು. ಕರಿಪುಡಿಯ ಪೆನ್ಸಿಲ್ ಸೆಲ್ಲಿನ ಹಿಡಿತ 500ರಿಂದ 1000 ಆದರೆ ಇದರದು 2000ಕ್ಕೂ ಮೇಲೆ. ಬೆಲೆಯೂ ಹೆಚ್ಚು. ಈ ಎರಡು ಜಾತಿಯನ್ನೂ ಮತ್ತೆ ತುಂಬಿಸಲಾಗದು, ತುಂಬಿಸಲು ಪ್ರಯತ್ನಿಸಲೂ ಕೂಡದು.

ಮೂರನೆಯದು ನಿಕ್ಕಲ್ ಜಾತಿಯ ರೀಚಾರ್ಜ್ ಸೆಲ್ಲು. ನೋಡಲು ಪೆನ್ಸಿಲ್ ಸೆಲ್ಲಿನಂತೆಯೇ ಇರುತ್ತದೆ, ನೂರಾರು ಸಲ ತುಂಬಿಸಬಹುದು, ತೂಬೂ ಅಗಲ. ಆದರೆ ಇದಕ್ಕೆ 1.2 ವೋಲ್ಟ್ ಮಾತ್ರ. ನಾಲ್ಕು ಸೇರಿದರೆ 6 ಅಲ್ಲ, 4.8. ಯಂತ್ರ ಅಷ್ಟಕ್ಕೆ ನಡೆಯುವುದೇ ಎಂದು ಮೊದಲೇ ನೋಡಿಕೊಳ್ಳಬೇಕು. ಸಾಮಾನ್ಯ ಬಗೆಯದನ್ನು ಸುಮ್ಮನೆ ಇಟ್ಟರೂ ತಿಂಗಳಿಗೆ ಐದರಲ್ಲೊಂದು ಪಾಲು ಅಥವಾ ಅದಕ್ಕೂ ಹೆಚ್ಚು ಸೋರಿಹೋಗುತ್ತದೆ. ನಿಧಾನವಾಗಿ ಸೋರುವ ಬಗೆಯದೂ ಬಂದಿದೆ, ಕೇಳಿ ತರಬೇಕು.

ನಾಲ್ಕನೆಯದು ಸೀಸದ ಬ್ಯಾಟರಿ. 1859ರಲ್ಲಿ ಹುಟ್ಟಿದ್ದು, ಇನ್ನೂ ದುಡಿಯುತ್ತಿದೆ. ಟ್ರಾಕ್ಟರಿನಲ್ಲಿರುವುದೂ ಇದೇ, ಬೆನ್ನಿಗೆ ಹಾಕುವ ಔಷಧಿ ಪಂಪಿನಲ್ಲಿ ಅನೇಕ ವೇಳೆ ಇರುವುದೂ ಇದೇ. 12 ವೋಲ್ಟ್, 8 ಆಂಪಿಯರ್-ಗಂಟೆ ಎಂದು ಬರೆದಿರುವುದನ್ನು ನೋಡಿರಬಹುದು. ಭಾರ ಎರಡು ಕಿಲೋಗೂ ಮೇಲೆ. ಇದನ್ನು ಪೂರಾ ಬರಿದು ಮಾಡತಕ್ಕದ್ದಲ್ಲ. ಅರ್ಧ ಉಪಯೋಗಿಸಿ ಮತ್ತೆ ತುಂಬಿಸಿದರೆ ಹೆಚ್ಚು ಕಾಲ ಬಾಳುತ್ತದೆ. ಬರಿದಾಗಿ ವಾರಗಟ್ಟಲೆ ಬಿದ್ದಿದ್ದರೆ ಒಳಗೆ ಗಟ್ಟಿ ಪದರ ಕಟ್ಟಿ ಸಾಯುತ್ತದೆ. ಔಷಧಿ ಹೊಡೆಯುವ ಕಾಲ ಮುಗಿದ ಮೇಲೆ ಪಂಪನ್ನು ಮೂಲೆಗಿಟ್ಟು ಮರೆಯುವುದರಿಂದಲೇ ಬಹಳ ಬ್ಯಾಟರಿಗಳು ಕೆಡುತ್ತವೆ. ತುಂಬಿಸಿ ಇಡಿ, ಎರಡು ತಿಂಗಳಿಗೊಮ್ಮೆ ಮತ್ತೆ ತುಂಬಿಸಿ.

ಐದನೆಯದು ಲಿಥಿಯಂ ಜಾತಿ. 1991ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಇದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಮೊಬೈಲಿನಲ್ಲಿ ಇರುವುದು ಇದೇ. ಒಂದು ಕೋಶಕ್ಕೆ ಸುಮಾರು 3.7 ವೋಲ್ಟ್, ತುಂಬಿದಾಗ 4.2. ಹಗುರ, ಹಿಡಿತ ಹೆಚ್ಚು, ತೂಬು ಬಹಳ ಅಗಲ. ಆದರೆ ಇದು ಹೊಸ ಹೋರಿಯ ಹಾಗೆ, ಮೂಗುದಾರ ಇರಲೇಬೇಕು. 4.2ಕ್ಕಿಂತ ಮೇಲೆ ತುಂಬಿಸಿದರೆ, ಚುಚ್ಚಿದರೆ, ಜಜ್ಜಿದರೆ, ಎರಡು ತುದಿ ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತಬಹುದು. ಆದ ಕಾರಣ ಕಾವಲು ಹಲಗೆ ಇಲ್ಲದ ಕೋಶವನ್ನು ಕೊಳ್ಳಬೇಡಿ, ಅದಕ್ಕೆಂದೇ ಮಾಡಿದ ಚಾರ್ಜರನ್ನಲ್ಲದೆ ಬೇರೆಯದನ್ನು ಹಾಕಬೇಡಿ, ಕೋಶಕ್ಕೆ ನೇರವಾಗಿ ತಂತಿ ಬೆಸೆಯಬೇಡಿ. ಬಿಸಿಲಿನಲ್ಲಿ ಕಾದ ತಗಡಿನ ಪೆಟ್ಟಿಗೆಯಲ್ಲಿ ಇಡಬೇಡಿ. ಉಬ್ಬಿದ ಬ್ಯಾಟರಿಯನ್ನು ಆ ಕ್ಷಣದಿಂದಲೇ ಬಿಟ್ಟುಬಿಡಿ.

ಇದರಲ್ಲೇ ಲಿಥಿಯಂ ಕಬ್ಬಿಣ ಫಾಸ್ಫೇಟ್ ಎಂಬ ಒಳಜಾತಿ ಇದೆ. 3.2 ವೋಲ್ಟ್. ಹಿಡಿತ ಸ್ವಲ್ಪ ಕಡಿಮೆಯಾದರೂ ಸ್ವಭಾವ ಸಾಧು, ಆಯುಸ್ಸು ಹೆಚ್ಚು. ಸೌರದೀಪಗಳಲ್ಲಿ ಇದನ್ನು ಹಾಕುತ್ತಾರೆ. ಇದರ ಚಾರ್ಜರೇ ಬೇರೆ. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹಾಕಕೂಡದು.

ಮೋಸ ಹೋಗಬೇಡಿ

ಬೆರಳಿಗಿಂತ ಸ್ವಲ್ಪ ದಪ್ಪನಾದ, 18650 ಎಂಬ ಅಳತೆಯ ಲಿಥಿಯಂ ಕೋಶ ಸಂತೆಯಲ್ಲೂ ಸಿಗುತ್ತದೆ. 18 ಎಂದರೆ ಮಿಲಿಮೀಟರಿನಲ್ಲಿ ಅದರ ಅಡ್ಡಗಲ, 65 ಎಂದರೆ ಉದ್ದ. ಇದರ ಮೇಲೆ 6000, 9900 ಎಂದೆಲ್ಲ ಹಿಡಿತ ಬರೆದಿರುವುದನ್ನು ನೀವು ನೋಡಬಹುದು. ನಂಬಬೇಡಿ. ಒಳ್ಳೆಯ ಕಾರ್ಖಾನೆಗಳು ಮಾಡುವ ಇದೇ ಅಳತೆಯ ಕೋಶಗಳ ಹಿಡಿತ ಸಾಮಾನ್ಯವಾಗಿ 2000ದಿಂದ 3500. ಎಂಟು ಸೇರಿನ ಪಾತ್ರೆಯಲ್ಲಿ ಇಪ್ಪತ್ತು ಸೇರು ಹಿಡಿಯಿತೆಂದರೆ ನಂಬುತ್ತೀರಾ? ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ ನೋಡಿ. ಒಳ್ಳೆಯದು ಸುಮಾರು 45 ಗ್ರಾಂ ಇರುತ್ತದೆ. 30 ಗ್ರಾಂ ತೂಗಿದರೆ ಒಳಗೆ ಜೊಳ್ಳು ಎಂದೇ ತಿಳಿಯಿರಿ. ಜೊಳ್ಳನ್ನು ತೂರಿ ಗಟ್ಟಿಕಾಳು ಆರಿಸುವುದು ನಮಗೇನು ಹೊಸದಲ್ಲ.

ಇನ್ನೊಂದು ತೊಡಕು ಪವರ್ ಬ್ಯಾಂಕಿನದು. ಮನೆಯಲ್ಲಿ ಹೇಗೂ ಇದೆ, ಅದನ್ನೇ ದೀಪಕ್ಕೆ ಹಾಕೋಣ ಎನ್ನಿಸುತ್ತದೆ. ಆದರೆ ಅನೇಕ ಪವರ್ ಬ್ಯಾಂಕುಗಳು ಹರಿವು ಬಹಳ ಕಡಿಮೆಯಾದರೆ, ಮೊಬೈಲು ತುಂಬಿತು, ಇನ್ನು ಯಾರೂ ಇಲ್ಲ ಎಂದು ಭಾವಿಸಿ ತಾವೇ ಆರಿಹೋಗುತ್ತವೆ. ನಮ್ಮ ದೀಪ ಎಳೆಯುವುದು ಸರಾಸರಿ 8 ಮಿಲಿಆಂಪಿಯರ್. ಅಷ್ಟು ಮೆಲ್ಲನೆಯ ದನಿ ಅದಕ್ಕೆ ಕೇಳಿಸುವುದಿಲ್ಲ. ಒಂದು ಗಂಟೆ ಹೊತ್ತು ಹಚ್ಚಿಟ್ಟು ಪರೀಕ್ಷೆ ಮಾಡದೆ ಅದನ್ನು ನಂಬಿ ಮಲಗಬಾರದು.

ಕೊನೆಗೆ ಯಾವುದನ್ನು ಆರಿಸಿದೆವು?

ಈ ಲೆಕ್ಕವೆಲ್ಲ ಹಾಕಿ ಮುಂದಿನ ವರ್ಷಕ್ಕೆ ಸೆಲ್ಲು ಆರಿಸಲು ನಾನು, ಹುಡುಗ, ಆ ಹಿರಿಯ ರೈತರು ಮೂವರೂ ಕೂತೆವು. ಸೆಲ್ಲಿನ ಹಿಡಿತದಲ್ಲಿ ಮುಕ್ಕಾಲು ಪಾಲನ್ನು ಮಾತ್ರ ನಂಬುವುದೆಂದು ಮೊದಲೇ ನಿಶ್ಚಯ ಮಾಡಿಕೊಂಡೆವು. ಚಳಿ, ಹಳೆಯ ದಾಸ್ತಾನು, ತೇವ ಇವಕ್ಕೆ ಕಾಲು ಪಾಲು ಬಿಟ್ಟೆವು. ರಾತ್ರಿಯ ಖರ್ಚು 100.

ನಾಲ್ಕು ಕರಿಪುಡಿ ಪೆನ್ಸಿಲ್ ಸೆಲ್ಲು: ಹಿಡಿತ 800 ಎಂದರೆ ನಂಬತಕ್ಕದ್ದು 600. ಆರು ರಾತ್ರಿ.

ನಾಲ್ಕು ಆಲ್ಕಲೈನ್ ಪೆನ್ಸಿಲ್ ಸೆಲ್ಲು: 2000ದಲ್ಲಿ 1500. ಹದಿನೈದು ರಾತ್ರಿ.

ನಾಲ್ಕು ನಿಕ್ಕಲ್ ಪೆನ್ಸಿಲ್ ಸೆಲ್ಲು: ಇದೂ ಹದಿನೈದು ರಾತ್ರಿ, ಮತ್ತೆ ತುಂಬಿಸಬಹುದು. ಚಾರ್ಜರು ಬೇರೆ ಕೊಳ್ಳಬೇಕು.

ಟಾರ್ಚಿನ ದೊಡ್ಡ ಕರಿಪುಡಿ ಸೆಲ್ಲು ನಾಲ್ಕು: ಇಷ್ಟು ಮೆಲ್ಲನೆ ಎಳೆದರೆ 4000ಕ್ಕೆ ಕಡಿಮೆಯಿಲ್ಲ. ನಂಬತಕ್ಕದ್ದು 3000. ಮೂವತ್ತು ರಾತ್ರಿ.

ಔಷಧಿ ಪಂಪಿನ ಬ್ಯಾಟರಿ: ಅರ್ಧ ಉಪಯೋಗಿಸಿದರೂ 4000. ಆದರೆ 12 ವೋಲ್ಟಿಗೆ ದೀಪದ ತಡೆಗಳನ್ನು ಬದಲಾಯಿಸಬೇಕು. ಅಲ್ಲದೆ ಪಂಪಿಗೆ ಬ್ಯಾಟರಿ ಬೇಕಾದ ದಿನ ದೀಪಕ್ಕಿಲ್ಲ, ದೀಪಕ್ಕೆ ಬೇಕಾದ ದಿನ ಪಂಪಿಗಿಲ್ಲ.

ಲಿಥಿಯಂ ಕೋಶ ಒಂದು, ಜೊತೆಗೆ ಒಂದು ವ್ಯಾಟಿನ ಚಿಕ್ಕ ಸೌರಫಲಕ: ಒಳ್ಳೆಯ ಬಿಸಿಲಿನ ದಿನ ನಾಲ್ಕು ಗಂಟೆಯಲ್ಲಿ 500ರಷ್ಟು ತುಂಬುತ್ತದೆ, ಐದು ರಾತ್ರಿಯ ಖರ್ಚು. ಮೋಡದ ದಿನ ಅದರಲ್ಲಿ ಹತ್ತರಲ್ಲೊಂದು ಪಾಲು ಸಿಕ್ಕರೆ ಪುಣ್ಯ. ಆದರೂ 2000ದ ಕೋಶ ತುಂಬಿದ್ದರೆ ಹದಿನೈದು ದಿನದ ಮೋಡವನ್ನು ದಾಟಿಸುತ್ತದೆ. ವರ್ಷ ವರ್ಷ ದೀಪ ಇಡುವವರಿಗೆ ಇದೇ ಉತ್ತಮ. ಆದರೆ ಹೊಲದಲ್ಲಿ ಫಲಕ ಕಳವಾಗುವ ಭಯವಿದೆ.

ಅಂಗಡಿಯ ಬೆಲೆಯನ್ನು ರಾತ್ರಿಗಳ ಸಂಖ್ಯೆಯಿಂದ ಭಾಗಿಸಿದೆವು. ನೀವೂ ಹಾಗೆಯೇ ಮಾಡಿ. ಸೆಲ್ಲಿಗೆ ಎಷ್ಟು ರೂಪಾಯಿ ಎಂದು ಕೇಳಬೇಡಿ, ರಾತ್ರಿಗೆ ಎಷ್ಟು ರೂಪಾಯಿ ಎಂದು ಕೇಳಿ. ಆ ಹಿರಿಯರು ಟಾರ್ಚಿನ ದೊಡ್ಡ ಸೆಲ್ಲನ್ನೇ ಆರಿಸಿದರು. ಅವರು ಹೇಳಿದ ಕಾರಣ ನನ್ನ ಲೆಕ್ಕದಲ್ಲಿ ಇರಲಿಲ್ಲ. "ಕೆಟ್ಟರೆ ನಮ್ಮ ಊರಿನ ಅಂಗಡಿಯಲ್ಲೇ ಸಿಗುತ್ತದೆ, ರಾತ್ರಿ ಎಂಟಕ್ಕೆ ಬಾಗಿಲು ತಟ್ಟಿದರೂ ಕೊಡುತ್ತಾರೆ. ಪೇಟೆಗೆ ಹೋಗಬೇಕಾಗಿಲ್ಲ" ಎಂದರು. ಇದು ದೊಡ್ಡ ಮಾತು. ಬೇಕಾದ ಹೊತ್ತಿಗೆ ಸಿಗದ ಸೆಲ್ಲು ಎಷ್ಟು ಒಳ್ಳೆಯದಾದರೂ ಒಳ್ಳೆಯದಲ್ಲ. ಇಪ್ಪತ್ತೈದು ರಾತ್ರಿಗೆ ಒಮ್ಮೆ ನಾಲ್ಕನ್ನೂ ಬದಲಾಯಿಸುವುದೆಂದು ಗೊತ್ತುಮಾಡಿದೆವು.

ಜೋಡಿಸುವ ಕ್ರಮ, ನೋಡಿಕೊಳ್ಳುವ ಕ್ರಮ

ಸೆಲ್ಲುಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಇಟ್ಟರೆ ವೋಲ್ಟ್ ಕೂಡುತ್ತದೆ, ಹಿಡಿತ ಒಂದರದೇ ಇರುತ್ತದೆ. ಈ ಸಾಲಿನಲ್ಲಿ ಹಳೆಯದನ್ನೂ ಹೊಸದನ್ನೂ ಬೆರೆಸಬಾರದು. ಮುದಿ ಎತ್ತನ್ನೂ ಎಳೆಯ ಹೋರಿಯನ್ನೂ ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಬಲವುಳ್ಳದ್ದು ಎಳೆಯುತ್ತದೆ, ಬಡಕಲು ಅದರ ಹಿಂದೆ ನೆಲಕ್ಕೆ ಬೀಳುತ್ತದೆ. ಬಡಕಲು ಸೆಲ್ಲು ಬರಿದಾದ ಮೇಲೂ ಉಳಿದವು ಅದರ ಮೂಲಕ ಹರಿವನ್ನು ನೂಕುತ್ತವೆ, ಆಗ ಅದು ಒಡೆದು ರಸ ಸೋರುತ್ತದೆ. ಎರಡು ಜಾತಿಯನ್ನು ಬೆರೆಸುವುದೂ ಅಷ್ಟೇ ತಪ್ಪು. ಬದಲಾಯಿಸಿದರೆ ನಾಲ್ಕನ್ನೂ ಬದಲಾಯಿಸಿ.

ಯುವಕ ಸಂಘದಲ್ಲಿ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಯಂತ್ರ ನಡೆಯುತ್ತಿರುವಾಗಲೇ ಸೆಲ್ಲಿನ ವೋಲ್ಟ್ ನೋಡಬೇಕು. ಸುಮ್ಮನಿರುವ ಸೆಲ್ಲು ಸುಳ್ಳು ಹೇಳುತ್ತದೆ. ಮಲಗಿರುವ ಎತ್ತಿನ ಬಲ ತಿಳಿಯುವುದಿಲ್ಲ, ನೊಗ ಹೊತ್ತಾಗ ತಿಳಿಯುತ್ತದೆ. ದುಡಿಯುವಾಗ ಒಂದೊಂದು 1.5 ವೋಲ್ಟಿನ ಸೆಲ್ಲು 1 ವೋಲ್ಟಿಗೆ ಇಳಿದಿದ್ದರೆ ಮುಗಿಯಿತೆಂದೇ ಲೆಕ್ಕ. ಹರಿವನ್ನು ಅಳೆಯುವಾಗ ಮೀಟರನ್ನು ತಂತಿಯ ನಡುವೆ ಸೇರಿಸಬೇಕು. ಆಂಪಿಯರ್ ಗುರುತಿನಲ್ಲಿಟ್ಟ ಮೀಟರನ್ನು ನೇರವಾಗಿ ಬ್ಯಾಟರಿಯ ಎರಡು ತುದಿಗೆ ಎಂದಿಗೂ ಹಿಡಿಯಬಾರದು. ಮೀಟರು ಸುಡುತ್ತದೆ, ಲಿಥಿಯಂ ಆದರೆ ಕೈಯೂ ಸುಡುತ್ತದೆ.

ಸುಗ್ಗಿ ಮುಗಿದ ಕೂಡಲೆ ಸೆಲ್ಲು ಹೊರಗೆ ತೆಗೆದಿಡಿ. ಒಳಗೇ ಬಿಟ್ಟರೆ ರಸ ಸೋರಿ ತಾಮ್ರದ ತುದಿಗಳನ್ನು ತಿನ್ನುತ್ತದೆ. ಆಲ್ಕಲೈನ್ ಸೆಲ್ಲಿನ ಬಿಳಿಯ ಕಿಲುಬನ್ನು ನಿಂಬೆರಸ ಮುಟ್ಟಿಸಿದ ಬಟ್ಟೆಯಿಂದ ಒರೆಸಿ ಒಣಗಿಸಬಹುದು. ಬರಿಗೈಯಿಂದ ಮುಟ್ಟಬೇಡಿ.

ತಾಯಂದಿರಿಗೆ ಒಂದು ಮಾತು

ಗುಂಡಿಯ ಹಾಗಿರುವ ಪುಟ್ಟ ಸೆಲ್ಲುಗಳಿವೆ. ಆಟದ ಸಾಮಾನಿನಲ್ಲಿ, ತೂಕದ ಯಂತ್ರದಲ್ಲಿ ಇರುತ್ತವೆ. ಮಗು ಅದನ್ನು ನುಂಗಿದರೆ ಗಂಟಲ ಕೊಳವೆಯಲ್ಲಿ ಸಿಕ್ಕಿ ಎರಡೇ ಗಂಟೆಯಲ್ಲಿ ಒಳಗನ್ನು ಸುಡಬಲ್ಲದು. ಅದು ಹಳೆಯ ಸೆಲ್ಲಾಗಿದ್ದರೂ ಅಪಾಯ ತಪ್ಪಿದ್ದಲ್ಲ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ, ಬೆಳಗಾಗಲಿ ಎಂದು ಕಾಯದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ಹಳೆಯ ಸೆಲ್ಲನ್ನು ಒಲೆಗೆ ಹಾಕಬಾರದು, ಸಿಡಿಯುತ್ತದೆ. ತಿಪ್ಪೆಗೆ ಎಸೆದರೆ ಆ ಗೊಬ್ಬರ ನಮ್ಮ ಹೊಲಕ್ಕೇ ಬರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಕೂಡಿಸಿಕೊಳ್ಳುವ ಹೊಣೆ ಅವುಗಳನ್ನು ಮಾಡುವವರ ಮೇಲಿದೆ. ಸೀಸದ ಬ್ಯಾಟರಿಗೆ ಅಂಗಡಿಯವರೇ ಹಣ ಕೊಟ್ಟು ಹಿಂದಕ್ಕೆ ಪಡೆಯುತ್ತಾರೆ. ಉಳಿದವನ್ನು ಒಣ ಡಬ್ಬಿಯಲ್ಲಿ ಕೂಡಿಟ್ಟು, ಲಿಥಿಯಂ ಕೋಶದ ತುದಿಗಳಿಗೆ ಟೇಪು ಸುತ್ತಿ, ಪಂಚಾಯತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಿ.

ಮುಗಿಸುವ ಮುನ್ನ

ಬೇಲಿಗೆ ಕಂಬದ ಕರೆಂಟನ್ನು ನೇರವಾಗಿ ಬಿಡುವವರು ಕೆಲವರಿದ್ದಾರೆ. ಅದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಆ ತಂತಿಗೆ ಹಂದಿಯೆಂಬ, ಆನೆಯೆಂಬ, ನೆರೆಮನೆಯ ಹುಡುಗನೆಂಬ ಭೇದವಿಲ್ಲ. ಆರು ವೋಲ್ಟಿನ ದೀಪ ಯಾರನ್ನೂ ಕೊಲ್ಲುವುದಿಲ್ಲ. ಈ ಚಿಕ್ಕ ಸೆಲ್ಲಿನ ಮೇಲೆ ನನಗೆ ಇಷ್ಟು ಅಭಿಮಾನ ಇರುವುದಕ್ಕೆ ಅದೂ ಒಂದು ಕಾರಣ.

ದೀಪವೊಂದರಿಂದಲೇ ಬೆಳೆ ಉಳಿಯಿತು ಎಂದು ನಾನು ಹೇಳಲಾರೆ. ಪ್ರಾಣಿಗಳು ಒಂದೇ ಕಡೆ ಒಂದೇ ಬೆಳಕು ನೋಡಿ ನೋಡಿ ಅಭ್ಯಾಸ ಮಾಡಿಕೊಳ್ಳುತ್ತವೆ. ನಾಲ್ಕೈದು ದಿನಕ್ಕೊಮ್ಮೆ ಜಾಗ ಬದಲಾಯಿಸಬೇಕು, ಆಗಾಗ ಮನುಷ್ಯರ ಓಡಾಟವೂ ಇರಬೇಕು. ಎರಡನೆಯ ವರ್ಷ ಹಂದಿಗಳು ಇನ್ನೊಂದು ಬದುವಿನಿಂದ ಒಮ್ಮೆ ನುಗ್ಗಿ ಒಂದೆರಡು ಸಾಲು ಕೆಡವಿದವು. ಆದರೆ ನಲವತ್ತು ರಾತ್ರಿಯಲ್ಲಿ ಒಂದು ರಾತ್ರಿಯೂ ದೀಪ ನಂದಲಿಲ್ಲ.

ಆ ಹಿರಿಯರು ಈಗ ಪ್ರತಿ ಸೋಮವಾರ ಸಂಜೆ ಸಂಘದಿಂದ ಮೀಟರು ತಂದು ತಾವೇ ಸೆಲ್ಲು ನೋಡುತ್ತಾರೆ. ವೋಲ್ಟನ್ನು ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದಿಡುತ್ತಾರೆ. ಮೊನ್ನೆ ನಾನು ಹೋದಾಗ, "ಮೇಷ್ಟ್ರೆ, ಈ ವಾರ ಐದೂಕಾಲು ಇದೆ, ಇನ್ನೂ ಹತ್ತು ದಿನ ಮಲಗಬಹುದು" ಎಂದರು. ನನ್ನನ್ನು ಕೇಳಲಿಲ್ಲ, ನನಗೇ ಹೇಳಿದರು. ನೀವೂ ಯಾರ ಮಾತನ್ನೂ, ನನ್ನ ಮಾತನ್ನೂ, ಅಳೆಯದೆ ನಂಬಬೇಡಿ. ಅಳೆದು, ಲೆಕ್ಕ ಹಾಕಿ, ಒಂದು ರಾತ್ರಿ ಎದ್ದು ಕೂತು ನೋಡಿ, ಅನಂತರ ಮಲಗಿ.